ತಳೇಗಾಂವ್‌ನ ಬೀಗ, ದಿಲ್ಲಿಯ ಕಡತ

ವಿದೇಶಿ ಬಂಡವಾಳಕ್ಕೆ ಭದ್ರತೆಯ ತಪಾಸಣೆ: ಉತ್ತರ ತಡವಾದಾಗ ಬೆಲೆ ತೆತ್ತವರು ಯಾರು?

ಮುಂಬಯಿಯಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಕಡೆಗೆ ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಡುವ ಕನ್ನಡಿಗರಿಗೆ ತಳೇಗಾಂವ್ ಹೊಸ ಹೆಸರಲ್ಲ. ಲೋಣಾವಳದ ಘಾಟಿ ದಾಟಿ, ಬಸ್ಸು ಟೋಲ್ ನಾಕಾದಲ್ಲಿ ನಿಧಾನವಾದಾಗ ಅರೆನಿದ್ದೆಯಲ್ಲಿ ಕಿಟಕಿಯ ಪರದೆ ಸರಿಸಿ ನೋಡಿ, ಪುಣೆ ಇನ್ನೇನು ಬಂತು ಎಂದುಕೊಳ್ಳುವ ಜಾಗ ಅದು. ಹೆದ್ದಾರಿಯಿಂದ ಒಳಗೆ ಹೋದರೆ ಎಂಐಡಿಸಿ ಕೈಗಾರಿಕಾ ಪ್ರದೇಶ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2008ರಲ್ಲಿ ಇಲ್ಲಿ ಕಾರು ತಯಾರಿಸುವ ದೊಡ್ಡ ಕಾರ್ಖಾನೆಯನ್ನು ತೆರೆದಿತ್ತು. ಶೆವರ್ಲೆ ಹೆಸರಿನ ಕಾರುಗಳು ಇಲ್ಲಿಂದ ಹೊರಬೀಳುತ್ತಿದ್ದವು.

ಈ ಕಾರ್ಖಾನೆಗೆ 2020ರ ಡಿಸೆಂಬರಿನಲ್ಲಿ ಬೀಗ ಬಿತ್ತು. ಕೊಳ್ಳುವವರು ಇರಲಿಲ್ಲವೆಂದಲ್ಲ. ಅದಕ್ಕೂ ಸುಮಾರು ಒಂದು ವರ್ಷ ಮೊದಲೇ ಕೊಳ್ಳುವ ಒಪ್ಪಂದ ಆಗಿತ್ತು. ಕೊಳ್ಳುವವರಲ್ಲಿ ಹಣವಿತ್ತು, ಮಾರುವವರಿಗೆ ಮನಸ್ಸಿತ್ತು, ಮಹಾರಾಷ್ಟ್ರ ಸರಕಾರವೂ ಒಡಂಬಡಿಕೆಗೆ ಸಹಿ ಹಾಕಿತ್ತು. ಬರಬೇಕಾಗಿದ್ದುದು ದಿಲ್ಲಿಯ ಒಂದು ಉತ್ತರ ಮಾತ್ರ. ಕೊಳ್ಳಲು ಬಂದ ಕಂಪನಿ ಚೀನಾದ್ದಾಗಿತ್ತು. ಒಪ್ಪಂದವಾದ ದಿನದಿಂದ ಅದು ಮುರಿದು ಬೀಳುವವರೆಗೆ ಸುಮಾರು ಎರಡೂವರೆ ವರ್ಷ ಆ ಉತ್ತರ ಬರಲೇ ಇಲ್ಲ.

ದೇಶದ ಭದ್ರತೆಗಾಗಿ ವಿದೇಶಿ ಹಣವನ್ನು ಸೋಸಿ ನೋಡಬೇಕೇ ಬೇಡವೇ ಎಂಬ ಬಗ್ಗೆ ಹೆಚ್ಚು ವಾದಕ್ಕೆ ಅವಕಾಶವಿಲ್ಲ. ಸೋಸಲೇಬೇಕು. ಆದರೆ ಸೋಸುವ ಕೈ ನಡುವೆಯೇ ನಿಂತುಬಿಟ್ಟರೆ ಅದರ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದಕ್ಕೆ ತಳೇಗಾಂವ್‌ಗಿಂತ ಸ್ಪಷ್ಟವಾದ ಉದಾಹರಣೆ ಮುಂಬಯಿಯ ಸುತ್ತಮುತ್ತ ಸಿಗುವುದು ಕಷ್ಟ.

ಒಂದೇ ಕಂಪನಿ, ಎರಡು ಕಾರ್ಖಾನೆ

ಜನರಲ್ ಮೋಟಾರ್ಸ್‌ಗೆ ಭಾರತದಲ್ಲಿ ಎರಡು ಕಾರ್ಖಾನೆಗಳಿದ್ದವು. ಒಂದು ಗುಜರಾತಿನ ಹಾಲೋಲ್‌ನಲ್ಲಿ, ಇನ್ನೊಂದು ತಳೇಗಾಂವ್‌ನಲ್ಲಿ. ಇಲ್ಲಿನ ಮಾರುಕಟ್ಟೆಯಲ್ಲಿ ಕಾರು ಮಾರುವುದನ್ನು 2017ರ ಕೊನೆಗೆ ನಿಲ್ಲಿಸುವುದಾಗಿ ಕಂಪನಿ ಅದೇ ವರ್ಷ ಪ್ರಕಟಿಸಿತು. ಹಾಲೋಲ್ ಕಾರ್ಖಾನೆ ಚೀನಾದ ಎಸ್‌ಎಐಸಿ ಕಂಪನಿಯ ಪಾಲಾಯಿತು. ಎಂಜಿ ಮೋಟಾರ್ ಎಂಬ ಹೆಸರಿನಲ್ಲಿ 2019ರಲ್ಲಿ ಅಲ್ಲಿಂದ ಹೊಸ ಕಾರು ಹೊರಬಂತು. ಆಗ ಮೋಟಾರು ವಾಹನ ತಯಾರಿಕೆಗೆ ನೂರಕ್ಕೆ ನೂರು ವಿದೇಶಿ ಬಂಡವಾಳವನ್ನು ಸರಕಾರದ ಮುಂಗಡ ಒಪ್ಪಿಗೆಯಿಲ್ಲದೆ ತರಬಹುದಾಗಿತ್ತು. ಯಾವ ದೇಶದ ಹಣ ಎಂಬ ಪ್ರಶ್ನೆ ಅಲ್ಲಿ ಎದ್ದಿರಲಿಲ್ಲ.

ತಳೇಗಾಂವ್ ಕಾರ್ಖಾನೆ ಮಾತ್ರ ರಫ್ತಿಗಾಗಿ ಕಾರು ತಯಾರಿಸುತ್ತ ಇನ್ನೂ ಮೂರು ವರ್ಷ ನಡೆಯಿತು. 2020ರ ಜನವರಿಯಲ್ಲಿ ಚೀನಾದ ಇನ್ನೊಂದು ಕಂಪನಿ ಗ್ರೇಟ್ ವಾಲ್ ಮೋಟಾರ್ ಇದನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಭಾರತದಲ್ಲಿ ಒಟ್ಟು ನೂರು ಕೋಟಿ ಡಾಲರ್ ಹೂಡುವ ಮಾತೂ ಆಡಿತು. ಮರು ತಿಂಗಳು ದಿಲ್ಲಿ ಸಮೀಪದ ಗ್ರೇಟರ್ ನೊಯ್ಡಾದ ಆಟೋ ಎಕ್ಸ್‌ಪೋದಲ್ಲಿ ತನ್ನ ಕಾರುಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿತು. ಹಾಲೋಲ್‌ನಲ್ಲಿ ಆದಂತೆಯೇ ಇಲ್ಲಿಯೂ ಬೋರ್ಡು ಬದಲಾಗಿ, ಗೇಟು ತೆರೆದೇ ಇರುತ್ತದೆ ಎಂದು ಎಲ್ಲರೂ ಭಾವಿಸುವಂಥ ಪರಿಸ್ಥಿತಿ ಅದು.

ಎರಡು ಕಾರ್ಖಾನೆಗಳಿಗೂ ಮಾರುವವರು ಒಬ್ಬರೇ, ತಯಾರಿಕೆಯೂ ಒಂದೇ ಬಗೆಯದು, ಕೊಳ್ಳುವವರೂ ಒಂದೇ ದೇಶದವರು. ಆದರೆ ಹಾಲೋಲ್‌ನ ವ್ಯವಹಾರ ಮುಗಿದ ಬಳಿಕ ಮತ್ತು ತಳೇಗಾಂವ್‌ನದು ಮುಗಿಯುವ ಮೊದಲು ದೇಶದ ನಿಯಮ ಬದಲಾಯಿತು. ಬದಲಾವಣೆಗೆ ನೆಪವಾದದ್ದು ಮುಂಬಯಿಯಲ್ಲೇ ನಡೆದ ಒಂದು ಸಂಗತಿ.

ಚರ್ಚ್‌ಗೇಟಿನ ಶೇ. 1

ಡೊಂಬಿವಲಿ, ಥಾಣೆ, ಮೀರಾ ರೋಡ್, ನವಿ ಮುಂಬಯಿಗಳಲ್ಲಿ ಸ್ವಂತ ಮನೆ ಮಾಡಿಕೊಂಡ ನಮ್ಮವರಲ್ಲಿ ಎಚ್‌ಡಿಎಫ್‌ಸಿಯ ಗೃಹಸಾಲ ಪಡೆದವರು ಬಹಳ ಮಂದಿ. ಚರ್ಚ್‌ಗೇಟಿನಲ್ಲಿ ಕಚೇರಿ ಹೊಂದಿದ್ದ ಆ ಗೃಹಸಾಲ ಕಂಪನಿ 2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾಯಿತು. ಅದಕ್ಕೆ ಮೂರು ವರ್ಷ ಮೊದಲು, 2020ರ ಎಪ್ರಿಲ್‌ನಲ್ಲಿ, ಕಂಪನಿ ಶೇರುಪೇಟೆಗೆ ಸಲ್ಲಿಸಿದ ಶೇರುದಾರರ ಪಟ್ಟಿಯಲ್ಲಿ ಒಂದು ಹೊಸ ಹೆಸರು ಕಾಣಿಸಿಕೊಂಡಿತು: ಪೀಪಲ್ಸ್ ಬ್ಯಾಂಕ್ ಆಫ್ ಚೈನಾ. ನಮ್ಮ ರಿಸರ್ವ್ ಬ್ಯಾಂಕಿನಂತೆ ಅದು ಚೀನಾದ ಕೇಂದ್ರ ಬ್ಯಾಂಕು. ಅದರ ಪಾಲು ಶೇ. 1.01, ಅಂದರೆ ಸುಮಾರು 1.75 ಕೋಟಿ ಶೇರುಗಳು.

ವಾಸ್ತವದಲ್ಲಿ ಆ ಬ್ಯಾಂಕಿನ ಬಳಿ ಹಿಂದಿನ ವರ್ಷವೇ ಶೇ. 0.8ರಷ್ಟು ಪಾಲಿತ್ತು. ಶೇ. 1 ದಾಟಿದರೆ ಹೆಸರನ್ನು ಬಹಿರಂಗಪಡಿಸಬೇಕೆಂಬ ನಿಯಮವಿರುವುದರಿಂದ ವಿಷಯ ಆಗ ಬೆಳಕಿಗೆ ಬಂತು. ಕೊರೊನಾ ಲಾಕ್‌ಡೌನ್‌ನ ದಿನಗಳವು. ಶೇರುಪೇಟೆ ಕುಸಿದಿತ್ತು. ಒಳ್ಳೆಯ ಕಂಪನಿಗಳ ಶೇರುಗಳು ಅಗ್ಗದಲ್ಲಿ ಬಿದ್ದಿದ್ದವು. ಇದೇ ಹೊತ್ತಿನಲ್ಲಿ ಹೊರಗಿನವರು ಬಂದು ದೇಶದ ಕಂಪನಿಗಳನ್ನು ಸದ್ದಿಲ್ಲದೆ ಬುಟ್ಟಿಗೆ ಹಾಕಿಕೊಂಡರೆ ಗತಿಯೇನು ಎಂಬ ಆತಂಕ ಎಲ್ಲೆಡೆ ಹಬ್ಬಿತು. ಆತಂಕ ಭಾರತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಅದೇ ಮಾರ್ಚ್ ತಿಂಗಳಲ್ಲಿ ಐರೋಪ್ಯ ಒಕ್ಕೂಟದ ಆಯೋಗ ತನ್ನ ಸದಸ್ಯ ದೇಶಗಳಿಗೆ ಎಚ್ಚರಿಕೆಯ ಸೂಚನೆ ನೀಡಿತ್ತು. ಆಸ್ಟ್ರೇಲಿಯಾ ಎಷ್ಟೇ ಚಿಕ್ಕ ಮೊತ್ತದ ವಿದೇಶಿ ಖರೀದಿಯಾದರೂ ಪರಿಶೀಲನೆಗೆ ಒಳಪಡಬೇಕೆಂದು ತಾತ್ಕಾಲಿಕ ನಿಯಮ ತಂದಿತ್ತು.

ಕೇಂದ್ರ ಸರಕಾರ 2020ರ ಎಪ್ರಿಲ್ 17ರಂದು ಒಂದು ಪ್ರಕಟಣೆ ಹೊರಡಿಸಿತು. ಆ ವರ್ಷದ ಸರಣಿಯಲ್ಲಿ ಮೂರನೆಯದಾದ್ದರಿಂದ ಅದನ್ನು 'ಪ್ರೆಸ್ ನೋಟ್ 3' ಎಂದು ಕರೆಯುತ್ತಾರೆ. ಎಪ್ರಿಲ್ 22ರಂದು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾದ ಅಡಿಯಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ಭಾರತದೊಂದಿಗೆ ಭೂಗಡಿ ಹೊಂದಿರುವ ಯಾವುದೇ ದೇಶದ ಕಂಪನಿ ಅಥವಾ ವ್ಯಕ್ತಿ ಇಲ್ಲಿ ನೇರ ಬಂಡವಾಳ ಹೂಡಬೇಕಾದರೆ ಮೊದಲು ಸರಕಾರದ ಒಪ್ಪಿಗೆ ಪಡೆಯಬೇಕು ಎಂಬುದು ಅದರ ಸಾರ. ಅದಕ್ಕೆ ಮುಂಚೆ ಈ ಕಟ್ಟುಪಾಡು ಪಾಕಿಸ್ಥಾನ ಮತ್ತು ಬಾಂಗ್ಲಾದೇಶಕ್ಕೆ ಮಾತ್ರವಿತ್ತು. ಪ್ರಕಟಣೆಯಲ್ಲಿ ಚೀನಾದ ಹೆಸರಿಲ್ಲ. ಆದರೆ ಹೊಸದಾಗಿ ಸೇರಿದ ನೆರೆಯ ದೇಶಗಳಲ್ಲಿ ದೊಡ್ಡ ಹಣದ ಚೀಲ ಯಾರದ್ದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಶೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಯ ಶೇ. 10ಕ್ಕಿಂತ ಕಡಿಮೆ ಪಾಲನ್ನು ವಿದೇಶಿಯರು ಕೊಂಡರೆ ಅದು ಪೋರ್ಟ್‌ಫೋಲಿಯೋ ಹೂಡಿಕೆ ಎನಿಸಿಕೊಳ್ಳುತ್ತದೆ, ನೇರ ಹೂಡಿಕೆಯಲ್ಲ. ಹೀಗಾಗಿ ಗದ್ದಲಕ್ಕೆ ಕಾರಣವಾದ ಎಚ್‌ಡಿಎಫ್‌ಸಿಯ ಶೇ. 1ರ ಖರೀದಿ ಹೊಸ ನಿಯಮದ ವ್ಯಾಪ್ತಿಗೇ ಬರುತ್ತಿರಲಿಲ್ಲ. ಬೇಲಿ ಹಾಕಿಸಿದ ದನ ಬೇಲಿಯ ಆಚೆಯೇ ಉಳಿಯಿತು. ಬೇಲಿಗೆ ಸಿಕ್ಕಿಬಿದ್ದದ್ದು ತಳೇಗಾಂವ್.

ಕಡತ ನಡೆಯುವ ದಾರಿ

ಮುಂಬಯಿಯಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೆ ಈ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಆಗಬೇಕು, ಬಾಡಿಗೆದಾರನ ವಿವರ ಪೊಲೀಸ್ ಠಾಣೆಗೆ ಹೋಗಬೇಕು, ಸೊಸೈಟಿಗೂ ತಿಳಿಸಬೇಕು. ಬಾಡಿಗೆ ಚೆನ್ನಾಗಿ ಕೊಡುತ್ತಾನೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಒಳಗೆ ಬಿಡುವುದಿಲ್ಲ. ದೇಶಕ್ಕೆ ಬರುವ ಬಂಡವಾಳದ ವಿಷಯವೂ ಹಾಗೆಯೇ.

ವಿದೇಶಿ ನೇರ ಬಂಡವಾಳಕ್ಕೆ ಎರಡು ಬಾಗಿಲುಗಳಿವೆ. ಒಂದು 'ಆಟೋಮ್ಯಾಟಿಕ್ ರೂಟ್'. ಹಣ ತಂದು, ಬಳಿಕ ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ ವರದಿ ಕೊಟ್ಟರೆ ಸಾಕು. ಇನ್ನೊಂದು 'ಗವರ್ನಮೆಂಟ್ ರೂಟ್'. ಇಲ್ಲಿ ಮೊದಲು ಅರ್ಜಿ, ಆಮೇಲೆ ಹಣ. 2017ರವರೆಗೆ ಇಂಥ ಅರ್ಜಿಗಳನ್ನು ವಿದೇಶಿ ಹೂಡಿಕೆ ಉತ್ತೇಜನ ಮಂಡಳಿ, ಅಂದರೆ ಎಫ್‌ಐಪಿಬಿ, ಒಂದೇ ಕಡೆ ಕುಳಿತು ನೋಡುತ್ತಿತ್ತು. ಆ ವರ್ಷ ಮಂಡಳಿಯನ್ನು ರದ್ದುಪಡಿಸಲಾಯಿತು. ಅರ್ಜಿ ಯಾವ ಕ್ಷೇತ್ರದ್ದೋ ಆ ಸಚಿವಾಲಯಕ್ಕೆ ಹೋಗುವ ಪದ್ಧತಿ ಬಂತು. ಜತೆಗೆ ಗೃಹ ಸಚಿವಾಲಯದ ಭದ್ರತಾ ಪರಿಶೀಲನೆ, ವಿದೇಶಾಂಗ ಸಚಿವಾಲಯದ ಅಭಿಪ್ರಾಯ, ರಿಸರ್ವ್ ಬ್ಯಾಂಕಿನ ಅಭಿಪ್ರಾಯ.

ಪರಿಶೀಲಿಸುವವರು ಕೇಳುವ ಪ್ರಶ್ನೆಗಳು ನ್ಯಾಯವಾದವೇ. ಹಣದ ಹಿಂದಿರುವ ನಿಜವಾದ ಒಡೆಯ ಯಾರು? ಸಿಂಗಾಪುರದ ಅಥವಾ ಮಾರಿಷಸ್‌ನ ಹೆಸರಿನ ಹಿಂದೆ ಬೇರೊಂದು ದೇಶದ ಕೈ ಇದೆಯೇ? ಕಂಪನಿಯ ಮೇಲೆ ಅಲ್ಲಿನ ಸರಕಾರದ ಹಿಡಿತವೆಷ್ಟು? ಬಂದರು, ದೂರವಾಣಿ, ವಿದ್ಯುತ್ ಜಾಲ, ವಿಮಾನ ನಿಲ್ದಾಣ, ಜನರ ಖಾಸಗಿ ವಿವರಗಳ ಭಂಡಾರ ಇವುಗಳ ಕೀಲಿಕೈ ಯಾರ ಕೈ ಸೇರುತ್ತದೆ? ನಾಳೆ ಗಡಿಯಲ್ಲಿ ಗುಂಡು ಹಾರಿದರೆ ಆ ಕೀಲಿಕೈ ಯಾವ ಕಡೆ ತಿರುಗುತ್ತದೆ? ಪ್ರೆಸ್ ನೋಟ್ 3ರಲ್ಲಿ 'ನಿಜವಾದ ಒಡೆಯ'ನ ಮಾತನ್ನು ಸೇರಿಸಿದ್ದು ಇದೇ ಕಾರಣಕ್ಕೆ. ಹಣ ಯಾವ ದೇಶದ ಮೂಲಕ ಸುತ್ತಿ ಬಂದರೂ ಮೂಲವನ್ನು ನೋಡಬೇಕು ಎಂಬುದು ಅದರ ಉದ್ದೇಶ.

ಪ್ರಶ್ನೆಗಳಲ್ಲಿ ದೋಷವಿಲ್ಲ. ದೋಷವಿದ್ದುದು ಉತ್ತರದ ಕಾಲದಲ್ಲಿ. ಅರ್ಜಿಯನ್ನು ಇಂತಿಷ್ಟು ವಾರಗಳೊಳಗೆ ಮುಗಿಸಬೇಕೆಂಬ ಸೂಚನೆ ಕಾಗದದಲ್ಲಿ ಇತ್ತು. ಅವಧಿ ಮೀರಿದರೆ ಏನು ಎಂಬುದಕ್ಕೆ ಅಲ್ಲಿ ಬಲವಾದ ಉತ್ತರ ಇರಲಿಲ್ಲ. ಸೊಸೈಟಿಯ ಸೆಕ್ರೆಟರಿ ಎನ್‌ಓಸಿ ಕೊಡುತ್ತೇನೆ ಎನ್ನುವುದಿಲ್ಲ, ಕೊಡುವುದಿಲ್ಲ ಎಂದೂ ಹೇಳುವುದಿಲ್ಲ. ಮನೆ ಖಾಲಿ, ಮೈಂಟೆನೆನ್ಸ್ ಮಾತ್ರ ಮಾಲಕನ ಮೈಮೇಲೆ. ತಳೇಗಾಂವ್‌ನಲ್ಲಿ ಆದದ್ದು ಇದೇ.

ಜೂನ್ 15ರ ಎರಡು ಘಟನೆಗಳು

2020ರ ಜೂನ್ 15, ಸೋಮವಾರ. ಲಾಕ್‌ಡೌನ್‌ನಿಂದ ಬಸವಳಿದ ರಾಜ್ಯಕ್ಕೆ ಬಂಡವಾಳ ತರುವ ಉದ್ದೇಶದಿಂದ ಮಹಾರಾಷ್ಟ್ರ ಸರಕಾರ ಅಂದು 'ಮ್ಯಾಗ್ನೆಟಿಕ್ ಮಹಾರಾಷ್ಟ್ರ 2.0' ಕಾರ್ಯಕ್ರಮವನ್ನು ಆನ್‌ಲೈನ್ ಮೂಲಕ ನಡೆಸಿತು. ಅಂದಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರ ಉಪಸ್ಥಿತಿಯಲ್ಲಿ ಸುಮಾರು 16,000 ಕೋಟಿ ರೂ.ಗಳ 12 ಒಡಂಬಡಿಕೆಗಳಾದವು. ಅವುಗಳಲ್ಲಿ ಮೂರು ಚೀನಾ ಸಂಬಂಧದವು. ಒಟ್ಟು ಮೊತ್ತ 5,020 ಕೋಟಿ ರೂ. ಅದರಲ್ಲಿ ಸಿಂಹಪಾಲು, 3,770 ಕೋಟಿ ರೂ., ಗ್ರೇಟ್ ವಾಲ್ ಕಂಪನಿಯ ತಳೇಗಾಂವ್ ಯೋಜನೆಯದು.

ಅದೇ ದಿನ ರಾತ್ರಿ ಲಡಾಖ್‌ನ ಗಾಲ್ವಾನ್ ಕಣಿವೆಯಲ್ಲಿ ಚೀನಾದ ಸೈನಿಕರೊಂದಿಗೆ ನಡೆದ ಘರ್ಷಣೆಯಲ್ಲಿ 20 ಮಂದಿ ಭಾರತೀಯ ಯೋಧರು ಹುತಾತ್ಮರಾದರು.

ಅನಂತರ ಯಾವ ಸರಕಾರಕ್ಕೂ ಆ ಕಡತದ ಮೇಲೆ ಸಹಿ ಹಾಕುವುದು ಸುಲಭವಾಗಿರಲಿಲ್ಲ. ಒಂದೇ ವಾರದಲ್ಲಿ ಮಹಾರಾಷ್ಟ್ರ ಸರಕಾರ ಮೂರೂ ಒಡಂಬಡಿಕೆಗಳನ್ನು ಯಥಾಸ್ಥಿತಿಯಲ್ಲಿಟ್ಟು ಕೇಂದ್ರದ ನಿಲುವಿಗೆ ಕಾಯುವುದಾಗಿ ಪ್ರಕಟಿಸಿತು. ತಿಂಗಳ ಕೊನೆಗೆ ಕೇಂದ್ರ ಸರಕಾರ ಚೀನಾದ 59 ಮೊಬೈಲ್ ಆ್ಯಪ್‌ಗಳನ್ನು ನಿಷೇಧಿಸಿತು. ಯೋಧರ ಚಿತೆ ಆರುವ ಮೊದಲು ವ್ಯಾಪಾರದ ಮಾತೇ ಎಂಬ ಜನರ ಸಿಟ್ಟು ಸಹಜವಾದುದೇ ಆಗಿತ್ತು.

ಆದರೆ ಸಿಟ್ಟಿಗೂ ತೀರ್ಮಾನಕ್ಕೂ ವ್ಯತ್ಯಾಸವಿದೆ. ಬೇಡ ಎಂದಾದರೆ ಬೇಡ ಎಂದು 2020ರಲ್ಲೇ ಹೇಳಿಬಿಟ್ಟಿದ್ದರೆ ಜನರಲ್ ಮೋಟಾರ್ಸ್ ಬೇರೆ ಗಿರಾಕಿಯನ್ನು ಹುಡುಕಿಕೊಳ್ಳುತ್ತಿತ್ತು. ಒಪ್ಪಿಗೆಯೂ ಬರಲಿಲ್ಲ, ನಿರಾಕರಣೆಯೂ ಬಹಿರಂಗವಾಗಿ ಬರಲಿಲ್ಲ. ಎರಡೂ ಕಂಪನಿಗಳು ಒಪ್ಪಂದದ ಅವಧಿಯನ್ನು ವಿಸ್ತರಿಸುತ್ತ ಕಾದವು. ಕೊನೆಗೆ 2022ರ ಜೂನ್ ಅಂತ್ಯಕ್ಕೆ ಅವಧಿ ತೀರಿ ಒಪ್ಪಂದ ತಾನಾಗಿ ಬಿದ್ದುಹೋಯಿತು.

ಗೇಟಿನ ಹೊರಗೆ ನಿಂತವರು

ಈ ನಡುವೆ ಕಾರ್ಖಾನೆಯಲ್ಲಿ ಏನಾಯಿತು? 2020ರ ಡಿಸೆಂಬರ್ 24ಕ್ಕೆ ತಯಾರಿಕೆ ನಿಂತಿತು. 2021ರ ಎಪ್ರಿಲ್‌ನಲ್ಲಿ ಸುಮಾರು 1,400 ಕಾರ್ಮಿಕರ ಕೈಗೆ ಲೇ ಆಫ್ ನೋಟಿಸ್ ಬಂತು. ಲೇ ಆಫ್ ಎಂದರೆ ಕೆಲಸದಿಂದ ತೆಗೆದುಹಾಕಿದಂತೆ ಅಲ್ಲ, ಕೆಲಸ ಕೊಟ್ಟಂತೆಯೂ ಅಲ್ಲ. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಮೂಲವೇತನ ಮತ್ತು ತುಟ್ಟಿಭತ್ತೆಯ ಅರ್ಧ ಭಾಗ ಸಿಗುತ್ತಿತ್ತು. ಕೊರೊನಾದ ಎರಡನೇ ಅಲೆ ಪುಣೆ ಜಿಲ್ಲೆಯನ್ನು ಹಿಂಡುತ್ತಿದ್ದ ತಿಂಗಳು ಅದು. ಕಾರ್ಮಿಕ ಸಂಘಟನೆ ಕಾನೂನಿನ ಮೆಟ್ಟಿಲೇರಿತು. ಕಂಪನಿ ಮುಂದಿಟ್ಟ ಪರಿಹಾರದ ಹಣಕ್ಕಿಂತ ಹೊಸ ಮಾಲಕನ ಬಳಿಯೂ ಕೆಲಸ ಮುಂದುವರಿಯಲಿ ಎಂಬುದು ಅದರ ಮುಖ್ಯ ಬೇಡಿಕೆಯಾಗಿತ್ತು.

ಮುಂಬಯಿ ಕನ್ನಡಿಗರಿಗೆ ಈ ಚಿತ್ರ ಅಪರಿಚಿತವಲ್ಲ. 1982ರ ಜನವರಿಯಲ್ಲಿ ಶುರುವಾದ ಜವಳಿ ಗಿರಣಿ ಮುಷ್ಕರದ ಬಳಿಕ ಪರೇಲ್, ಲಾಲ್‌ಬಾಗ್‌ಗಳಲ್ಲಿ ಗಿರಣಿಗಳ ಗೇಟು ಇಂದು ತೆರೆದೀತು, ನಾಳೆ ತೆರೆದೀತು ಎಂದು ಕಾದವರನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಗಿರಣಿಯ ಭೋಂಗಾ ನಿಂತಾಗ ಕೆಲಸಗಾರನ ಮನೆ ಮಾತ್ರವಲ್ಲ, ಪಾಳಿ ಮುಗಿಸಿ ಬರುವವರನ್ನೇ ನಂಬಿದ್ದ ನಮ್ಮವರ ಚಾ ಹೊಟೇಲುಗಳೂ ತಣ್ಣಗಾಗಿದ್ದವು. ಕೆಲಸ ಹೋಯಿತು ಎಂದು ಖಚಿತವಾದವನು ಊರಿಗೆ ಹೋಗುತ್ತಾನೆ, ಬೇರೆ ಕಸುಬು ಹಿಡಿಯುತ್ತಾನೆ. ಹೋಗಿಲ್ಲ, ಬಂದಿಲ್ಲ ಎಂಬ ಸ್ಥಿತಿಯಲ್ಲಿರುವವನು ಅಲ್ಲಿಯೇ ನಿಂತಿರುತ್ತಾನೆ. ಮಕ್ಕಳ ಶಾಲೆಯ ಫೀಸು, ಮನೆಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ದಿಲ್ಲಿಯ ಕಡತದಲ್ಲಿ ಕೊಳ್ಳುವವರ ಹೆಸರಿತ್ತು, ಮಾರುವವರ ಹೆಸರಿತ್ತು, ಹಣದ ಮೊತ್ತವಿತ್ತು, ಗಡಿಯ ನೆರಳೂ ಇತ್ತು. ಈ 1,400 ಮಂದಿ ಆ ಕಡತದಲ್ಲಿ ಪಕ್ಷಗಾರರೇ ಅಲ್ಲ.

ಹೊರಗಿನ ಹಣ, ಹಳೆಯ ಅನುಮಾನ

ಹೊರಗಿನ ಬಂಡವಾಳವನ್ನು ಅನುಮಾನದಿಂದ ನೋಡುವುದು ಈ ದೇಶಕ್ಕೆ ಹೊಸತಲ್ಲ. 1973ರ ಫೆರಾ ಕಾಯ್ದೆ ಬಹುತೇಕ ವಿದೇಶಿ ಕಂಪನಿಗಳ ಪಾಲನ್ನು ಶೇ. 40ಕ್ಕೆ ಇಳಿಸುವಂತೆ ಮಾಡಿತು. ಜನತಾ ಸರಕಾರದ ಕಾಲದಲ್ಲಿ ಕೋಕಾ ಕೋಲಾ ಮತ್ತು ಐಬಿಎಂ ದೇಶ ಬಿಟ್ಟು ಹೊರಟಾಗ ಕೈಗಾರಿಕಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕ ನಾಯಕರಾಗಿ ಬೆಳೆದ ದಿ| ಜಾರ್ಜ್ ಫೆರ್ನಾಂಡಿಸ್. ಆದರೆ ಅಂದಿನ ಪ್ರಶ್ನೆ ಬೇರೆ: ಲಾಭ ಯಾರಿಗೆ, ಪಾಲು ಎಷ್ಟು? 2020ರ ಪ್ರಶ್ನೆ: ಹಣದ ಹಿಂದೆ ಯಾವ ಸರಕಾರವಿದೆ?

ಈ ಎರಡನೇ ಪ್ರಶ್ನೆಯನ್ನು ಅಮೆರಿಕ ಬಹಳ ಹಿಂದೆಯೇ ಕೇಳಲು ಆರಂಭಿಸಿತ್ತು. ವಿದೇಶಿ ಹೂಡಿಕೆಯನ್ನು ಗಮನಿಸಲು ಅಲ್ಲಿ 1975ರಲ್ಲೇ ಒಂದು ಸಮಿತಿ ರಚನೆಯಾಯಿತು. ಭದ್ರತೆಗೆ ಧಕ್ಕೆ ತರುವ ಖರೀದಿಯನ್ನು ತಡೆಯುವ ಅಧಿಕಾರ 1988ರ ಕಾಯ್ದೆಯಿಂದ ಅಧ್ಯಕ್ಷರಿಗೆ ಬಂತು. ಆ ಸಮಿತಿ ಜಗತ್ತಿನಾದ್ಯಂತ ಸುದ್ದಿಯಾದ ಪ್ರಕರಣವೊಂದಕ್ಕೆ ಮುಂಬಯಿಯ ನಂಟೂ ಇದೆ. 2006ರಲ್ಲಿ ದುಬೈಯ ಡಿಪಿ ವರ್ಲ್ಡ್ ಕಂಪನಿ ಬ್ರಿಟನ್ನಿನ ಹಳೆಯ ಪಿ ಆ್ಯಂಡ್ ಓ ಕಂಪನಿಯನ್ನು ಸುಮಾರು 680 ಕೋಟಿ ಡಾಲರಿಗೆ ಕೊಂಡಿತು. ಪಿ ಆ್ಯಂಡ್ ಓ ಕೈಯಲ್ಲಿ ನ್ಯೂಯಾರ್ಕ್, ಬಾಲ್ಟಿಮೋರ್, ಮಯಾಮಿಯಂಥ ಬಂದರುಗಳ ಕೆಲಸವಿತ್ತು. ಮುಂಬಯಿಯ ಎದುರಿನ ನ್ಹಾವಾ ಶೇವಾದ ಕಂಟೇನರ್ ಟರ್ಮಿನಲ್ಲೂ ಇತ್ತು.

ಅಮೆರಿಕದ ಸಮಿತಿ ಖರೀದಿಗೆ ಒಪ್ಪಿಗೆ ಕೊಟ್ಟಿತ್ತು, ಅಧ್ಯಕ್ಷ ಬುಷ್ ಬೆಂಬಲಕ್ಕೆ ನಿಂತಿದ್ದರು. ಆದರೂ ಅರಬ್ ದೇಶದ ಸರಕಾರಿ ಕಂಪನಿಗೆ ಬಂದರು ಒಪ್ಪಿಸುವುದೇ ಎಂದು ಅಲ್ಲಿನ ಸಂಸದರು ಪಕ್ಷಭೇದವಿಲ್ಲದೆ ಎದ್ದು ನಿಂತರು. ಕೆಲವೇ ವಾರಗಳಲ್ಲಿ ಡಿಪಿ ವರ್ಲ್ಡ್ ಅಮೆರಿಕದ ಭಾಗವನ್ನು ಬಿಟ್ಟುಕೊಡಲು ಒಪ್ಪಿತು. ವರ್ಷಾಂತ್ಯಕ್ಕೆ ಅದನ್ನು ಅಮೆರಿಕದ್ದೇ ಸಂಸ್ಥೆಗೆ ಮಾರಲು ಒಪ್ಪಂದ ಮಾಡಿಕೊಂಡಿತು. ಅದೇ ಖರೀದಿಯಿಂದ ನ್ಹಾವಾ ಶೇವಾದ ಟರ್ಮಿನಲ್ ಡಿಪಿ ವರ್ಲ್ಡ್ ಕೈ ಸೇರಿ ಕಂಟೇನರ್‌ಗಳನ್ನು ಇಳಿಸುತ್ತ ಏರಿಸುತ್ತ ಎಂದಿನಂತೆ ನಡೆಯಿತು. ಒಂದೇ ಕಂಪನಿ ಒಂದು ದೇಶಕ್ಕೆ ಅಪಾಯವಾಗಿ, ಇನ್ನೊಂದಕ್ಕೆ ಪಾಲುದಾರನಾಗಿ ಕಂಡಿತು. ಭದ್ರತೆಯ ಅಳತೆಗೋಲು ಕಬ್ಬಿಣದ್ದಲ್ಲ. ದೇಶ, ಕಾಲ, ನೆರೆಹೊರೆಯ ಮೇಲೆ ಅದು ಬಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಅಮೆರಿಕದ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. 2018ರ ಕಾಯ್ದೆಯ ಪ್ರಕಾರ ಅಲ್ಲಿ ಮೊದಲ ಪರಿಶೀಲನೆಗೆ 45 ದಿನ, ಬೇಕಾದರೆ ತನಿಖೆಗೆ ಇನ್ನು 45 ದಿನ, ಅಧ್ಯಕ್ಷರ ತೀರ್ಮಾನಕ್ಕೆ 15 ದಿನ. ಅರ್ಜಿ ಹಿಂದೆಗೆದು ಮತ್ತೆ ಸಲ್ಲಿಸಿ ಕಾಲ ಎಳೆಯುವುದು ಅಲ್ಲಿಯೂ ಉಂಟು. ಆದರೂ ಗಡಿಯಾರವೊಂದು ಕಾನೂನಿನಲ್ಲೇ ಟಿಕ್ ಟಿಕ್ ಎನ್ನುತ್ತಿರುತ್ತದೆ.

ಸಹಾರ್‌ನಲ್ಲಿ ಕಂಡ ಇನ್ನೊಂದು ದಾರಿ

ನಮ್ಮಲ್ಲಿಯೂ ಬೇಗ ಉತ್ತರ ಕೊಡಲು ಬರುವುದಿಲ್ಲ ಎಂದೇನಿಲ್ಲ. 2025ರ ಮೇ 15ರಂದು ನಾಗರಿಕ ವಿಮಾನಯಾನ ಭದ್ರತಾ ಇಲಾಖೆ ತುರ್ಕಿ ಮೂಲದ ಸೆಲೆಬಿ ಕಂಪನಿಯ ಭದ್ರತಾ ಒಪ್ಪಿಗೆಯನ್ನು ರಾಷ್ಟ್ರೀಯ ಭದ್ರತೆಯ ಕಾರಣಕ್ಕೆ ಒಂದೇ ಆದೇಶದಲ್ಲಿ ರದ್ದುಪಡಿಸಿತು. ಭಾರತ ಮತ್ತು ಪಾಕಿಸ್ಥಾನದ ನಡುವಿನ ಸಂಘರ್ಷದ ವೇಳೆ ತುರ್ಕಿ ಪಾಕಿಸ್ಥಾನದ ಪರ ನಿಂತದ್ದು ಅದರ ಹಿನ್ನೆಲೆ. ವಿಮಾನದಿಂದ ಸಾಮಾನು ಇಳಿಸುವ, ಏರಿಸುವ, ಸರಕು ನೋಡಿಕೊಳ್ಳುವ ಕೆಲಸವನ್ನು ಆ ಕಂಪನಿ ಮುಂಬಯಿ, ದಿಲ್ಲಿ, ಬೆಂಗಳೂರು ಸೇರಿ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಮಾಡುತ್ತಿತ್ತು. ಕಂಪನಿ ದಿಲ್ಲಿ ಹೈಕೋರ್ಟಿನ ಮೊರೆ ಹೋಯಿತು. ನ್ಯಾಯಾಲಯ ಜುಲೈ 7ರಂದು ಅರ್ಜಿಯನ್ನು ವಜಾ ಮಾಡಿತು.

ಕಾರಣವನ್ನು ಮೊದಲೇ ತಿಳಿಸಲಿಲ್ಲ, ವಿವರಗಳು ಮುಚ್ಚಿದ ಲಕೋಟೆಯಲ್ಲಿ ಉಳಿದವು ಎಂಬ ಟೀಕೆ ಆ ಪ್ರಕರಣದಲ್ಲಿ ಇದ್ದೇ ಇದೆ. ಆದರೆ ತಳೇಗಾಂವ್‌ಗೆ ಹೋಲಿಸಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಉತ್ತರ ಸ್ಪಷ್ಟವಾಗಿತ್ತು. ಮತ್ತು ಅಲ್ಲಿ ದುಡಿಯುತ್ತಿದ್ದವರನ್ನು ಇದ್ದ ಷರತ್ತಿನಲ್ಲೇ ಹೊಸ ಸಂಸ್ಥೆಗಳಿಗೆ ವರ್ಗಾಯಿಸುವುದಾಗಿ ಮುಂಬಯಿ ವಿಮಾನ ನಿಲ್ದಾಣದ ಆಡಳಿತ ಕೂಡಲೇ ಪ್ರಕಟಿಸಿತು. ಕಂಪನಿಯ ಮೇಲಿನ ಅನುಮಾನ ಬೇರೆ, ಸಾಮಾನು ಎತ್ತುವವನ ಹೊಟ್ಟೆಪಾಡು ಬೇರೆ ಎಂಬ ವಿವೇಕ ಅಲ್ಲಿ ಕೆಲಸ ಮಾಡಿತು.

ಲಾಭ ನಷ್ಟದ ಲೆಕ್ಕ

ತಪಾಸಣೆಯಿಂದ ಒಳಿತಾಗಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಬಿಗ್ ಬಾಸ್ಕೆಟ್ ಕಂಪನಿಯಲ್ಲಿ ಚೀನಾದ ಅಲಿಬಾಬಾ ದೊಡ್ಡ ಪಾಲುದಾರನಾಗಿತ್ತು. 2021ರಲ್ಲಿ ಟಾಟಾ ಬಳಗ ಬಹುಪಾಲು ಶೇರುಗಳನ್ನು ಕೊಂಡು ಅಲಿಬಾಬಾ ಹೊರನಡೆಯಿತು. ಹಾಲೋಲ್‌ನ ಎಂಜಿ ಮೋಟಾರ್‌ಗೆ ಚೀನಾದಿಂದ ಹೊಸ ಹಣ ತರುವುದು ಕಷ್ಟವಾದಾಗ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ನಮಗೆಲ್ಲ ಪರಿಚಿತವಾದ ಜೆಎಸ್‌ಡಬ್ಲ್ಯೂ ಬಳಗ 2023ರಲ್ಲಿ ಶೇ. 35ರ ಪಾಲುದಾರನಾಗಿ ಬರಲು ಒಪ್ಪಂದ ಮಾಡಿಕೊಂಡಿತು. ಹೊರಗಿನ ಬಾಗಿಲು ಕಿರಿದಾದಾಗ ಒಳಗಿನ ಬಂಡವಾಳಕ್ಕೆ ಜಾಗ ಸಿಕ್ಕಿದ ಉದಾಹರಣೆಗಳಿವು.

ಇನ್ನೊಂದು ಕಡೆಯ ಮಾತೂ ಇದೆ. ಚೀನಾದಿಂದ ಸಿದ್ಧ ವಸ್ತುಗಳನ್ನು ತರಿಸಿಕೊಳ್ಳುತ್ತಲೇ ಹೋಗುವುದಕ್ಕಿಂತ ಅಲ್ಲಿನ ಕಂಪನಿಗಳು ಇಲ್ಲಿಗೇ ಬಂದು ಬಂಡವಾಳ ಹೂಡಿ ತಯಾರಿಸುವುದು ಲಾಭದಾಯಕವಾದೀತು ಎಂಬ ವಾದವನ್ನು 2024ರ ಜುಲೈಯಲ್ಲಿ ಸಂಸತ್ತಿಗೆ ಸಲ್ಲಿಕೆಯಾದ ಕೇಂದ್ರದ ಆರ್ಥಿಕ ಸಮೀಕ್ಷೆಯೇ ಮುಂದಿಟ್ಟಿತು. ಅಂದರೆ ಬೇಲಿ ಎಷ್ಟು ಎತ್ತರವಿರಬೇಕು ಎಂಬ ಬಗ್ಗೆ ಸರಕಾರದೊಳಗೇ ಚರ್ಚೆ ನಡೆದಿದೆ. ಚರ್ಚೆ ನಡೆಯುವುದು ಒಳ್ಳೆಯದೇ. ಅದರ ಜತೆಗೆ ಇನ್ನೆರಡು ವಿಷಯಗಳೂ ಸೇರಬೇಕು. ಒಂದು, ಅರ್ಜಿಗೆ ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾದ ಕೊನೆಯ ದಿನ. ಇನ್ನೊಂದು, ನಡೆಯುತ್ತಿರುವ ಕಾರ್ಖಾನೆಯೊಂದು ಕೈ ಬದಲಾಗುವ ಪ್ರಕರಣವಾದರೆ ಅಲ್ಲಿನ ಕಾರ್ಮಿಕರ ಸ್ಥಿತಿ ಏನಾಗುತ್ತದೆ ಎಂಬುದನ್ನು ಅದೇ ಕಡತದಲ್ಲಿ ನೋಡುವ ವ್ಯವಸ್ಥೆ. ದೇಶದ ಭದ್ರತೆಗಾಗಿ ಯಾರಾದರೂ ನಷ್ಟ ಹೊರಲೇಬೇಕಾದರೆ ಅದನ್ನು ದೇಶವೆಲ್ಲ ಹಂಚಿಕೊಳ್ಳಬೇಕು. ಒಂದು ಗೇಟಿನ ಮುಂದೆ ನಿಂತವರು ಮಾತ್ರ ಹೊರುವುದು ನ್ಯಾಯವಲ್ಲ.

ಗೇಟು ತೆರೆಯಿತು, ಆದರೆ...

ತಳೇಗಾಂವ್‌ನ ಕತೆ ಬೀಗದಲ್ಲಿ ಮುಗಿಯಲಿಲ್ಲ ಎಂಬುದು ಸಮಾಧಾನದ ಸಂಗತಿ. ಚೀನಾದ ಒಪ್ಪಂದ ಬಿದ್ದುಹೋದ ಮರುವರ್ಷ, 2023ರ ಆಗಸ್ಟ್‌ನಲ್ಲಿ, ದಕ್ಷಿಣ ಕೊರಿಯಾದ ಹುಂಡೈ ಕಂಪನಿ ಕಾರ್ಖಾನೆಯನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಕೊರಿಯಾಕ್ಕೆ ಭಾರತದೊಂದಿಗೆ ಭೂಗಡಿಯಿಲ್ಲ. 2024ರ ಆರಂಭದಲ್ಲಿ ಹಸ್ತಾಂತರ ಮುಗಿಯಿತು. 2025ರಲ್ಲಿ ಅಲ್ಲಿಂದ ಮತ್ತೆ ಕಾರುಗಳು ಹೊರಬರತೊಡಗಿದವು.

ಆದರೆ ಹುಂಡೈ ಕೊಂಡದ್ದು ಜಾಗ, ಕಟ್ಟಡ ಮತ್ತು ಯಂತ್ರಗಳನ್ನು. ಹಳೆಯ ಕಾರ್ಮಿಕರ ಲೆಕ್ಕವನ್ನು ಹಳೆಯ ಮಾಲಕನೇ ಚುಕ್ತಾ ಮಾಡಬೇಕಾಗಿತ್ತು. ಕೆಲಸವೇ ಬೇಕೆಂದು ಹಟ ಹಿಡಿದು ವರ್ಷಗಟ್ಟಲೆ ಹೋರಾಡಿದವರ ಮುಂದೆ ಕೊನೆಗೆ ಉಳಿದದ್ದು ಪರಿಹಾರದ ಮೊತ್ತದ ಮಾತು. ಗಿರಣಿ ಕಾರ್ಮಿಕರ ಮನೆಗಳಲ್ಲಿ ಬೆಳೆದವರಿಗೆ ಈ ಕೊನೆಯನ್ನೂ ವಿವರಿಸಬೇಕಾಗಿಲ್ಲ.

ಊರಿಗೆ ಹೋಗುವ ರಾತ್ರಿ ಬಸ್ಸು ತಳೇಗಾಂವ್ ನಾಕಾದಲ್ಲಿ ನಿಂತಾಗ ಪಕ್ಕದ ಸಾಲಿನಲ್ಲಿ ಹೊಚ್ಚಹೊಸ ಕಾರುಗಳನ್ನು ಹೊತ್ತ ಟ್ರೇಲರ್ ಕಾಣಿಸಿದರೆ, ಅದು ಈ ಕಾರ್ಖಾನೆಯಿಂದಲೇ ಹೊರಟದ್ದಿರಬಹುದು. ಯಂತ್ರಗಳಿಗೆ ಮರಳಿ ಕೆಲಸ ಸಿಕ್ಕಿದೆ. ಅವುಗಳ ಜತೆಗೆ ದುಡಿದವರಿಗೂ ಒಂದು ಉತ್ತರ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದರೆ ಚೆನ್ನಾಗಿತ್ತು.